ಬಿಳಿ ಪಟ್ಟಿ ಕೆರೆದ ಬಂದೂಕು

ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ, ಮೈಸೂರಿನ ಕಾಲೇಜಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದೆ ಎಂದು ಪಕ್ಕದವರಿಗೆ ಹೇಳಿದೆ. ಹಿಂದೆ ನಿಂತಿದ್ದ ಡಾಕ್ಟರ್ ಅಂಕಲ್ ಅದನ್ನು ಕೇಳಿಸಿಕೊಂಡರು. ಊಟ ಮುಗಿದ ಮೇಲೆ ಕೈ ತೊಳೆಯುವ ಕಡೆ ಬಂದು ಮೆಲ್ಲಗೆ ಕೇಳಿದರು: "ಹಾಗಾದ್ರೆ ನೀನು ತ್ರೀ ನಾಟ್ ತ್ರೀ ಹಿಡಿದಿದ್ದೀಯಾ ಅಮ್ಮ?"

ಹಿಡಿದಿದ್ದೆ. ಮೂರು ವರ್ಷ ಹಿಡಿದಿದ್ದೆ. ಆದರೆ ಅದರಿಂದ ಒಂದು ಗುಂಡನ್ನೂ ಹಾರಿಸಿರಲಿಲ್ಲ. ನಮಗೆ ಗುರಿ ಹೊಡೆಯಲು ಕೊಡುತ್ತಿದ್ದದ್ದು ಸಣ್ಣ ರೈಫಲ್. ಈ ದೊಡ್ಡದು, ಸೈನ್ಯದ ಹಳೆಯ ರೈಫಲ್, ಬರೀ ಕವಾಯತಿಗೆ. ಇಷ್ಟನ್ನು ವಿವರಿಸುವಷ್ಟರಲ್ಲಿ ಅಂಕಲ್ ನನ್ನನ್ನು ತಜ್ಞಳೆಂದು ತೀರ್ಮಾನಿಸಿಬಿಟ್ಟಿದ್ದರು.

ಅವರು ಮೂಳೆ ಡಾಕ್ಟರು. ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಬಂದು ಕೆರೊಲಿನಾದ ಒಂದು ಸಣ್ಣ ಊರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ, ನಿವೃತ್ತರಾದ ಮೇಲೆ ಫೋರ್ಟ್ ಮಿಲ್‌ನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಮನೆ ಮಾಡಿದ್ದರು. ಸೊಂಟ ಸರಿಮಾಡಿಸಿಕೊಂಡ ಒಬ್ಬ ರೋಗಿ ಅವರಿಗೆ ಜಿಂಕೆ ಬೇಟೆ ಕಲಿಸಿದ್ದನಂತೆ. ಪ್ರತಿ ವರ್ಷ ಅವನ ಬಂದೂಕನ್ನೇ ಎರವಲು ಪಡೆದು ಹೋಗುತ್ತಿದ್ದರು. ಈಗ ಅವರಿಗೆ ಒಂದು ಆಸೆ ಹುಟ್ಟಿತ್ತು. ಯುದ್ಧ ಮುಗಿದ ಕಾಲದಲ್ಲಿ ಇಲ್ಲಿನ ಜನ ಸೈನ್ಯದ ಹಳೆಯ ಬಂದೂಕುಗಳನ್ನು ಕೊಂಡು, ಉದ್ದದ ಮರ ಕತ್ತರಿಸಿ, ನಳಿಗೆ ಮೋಟು ಮಾಡಿ, ಮನೆಯಲ್ಲೇ ಬೇಟೆ ಬಂದೂಕು ಮಾಡಿಕೊಳ್ಳುತ್ತಿದ್ದರಂತೆ. ತಾವೂ ಹಾಗೊಂದು ಮಾಡಬೇಕು ಎಂದು ಅಂಕಲ್ ಹೇಳಿದರು. "ಜೀವನ ಪೂರ್ತಿ ಸ್ಕ್ರೂ, ಪ್ಲೇಟು, ಡ್ರಿಲ್ಲು. ಈ ಕೆಲಸ ನಂಗೆ ಹೊಸದೇನಲ್ಲ," ಎಂದು ನಕ್ಕರು. ಆದರೆ ಎಡಗಣ್ಣಿನ ಆಪರೇಷನ್ ಆದ ಮೇಲೆ ಹೈವೇಯಲ್ಲಿ ಡ್ರೈವ್ ಮಾಡಬಾರದೆಂದು ಕಣ್ಣಿನ ಡಾಕ್ಟರು ಹೇಳಿದ್ದರು, ಸಣ್ಣ ಅಕ್ಷರ ಓದುವುದಕ್ಕೂ ಆಗುತ್ತಿರಲಿಲ್ಲ. ಬಂದೂಕಿನ ಅಂಗಡಿಗೆ ಕಾರು ಓಡಿಸಲು, ಕಬ್ಬಿಣದ ಮೇಲಿನ ಗುರುತು ಓದಲು ಒಬ್ಬರು ಬೇಕಿತ್ತು.

ಮನೆಗೆ ಬಂದು ಹೇಳಿದಾಗ ನನ್ನ ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. ನಾವಿಬ್ಬರೂ ಇನ್ನೂ ವರ್ಕ್ ವೀಸಾದಲ್ಲಿದ್ದವರು. ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದು ಅವನು ಎಲ್ಲೋ ಓದಿದ್ದ. ಇಟ್ಟುಕೊಳ್ಳುವುದು ಬೇರೆ, ಅಂಗಡಿಯಲ್ಲಿ ಒಂದು ಗಳಿಗೆ ಹಿಡಿದು ನೋಡುವುದು ಬೇರೆ ಎಂದೆ. ಅದು ಬೇರೆ ಹೌದೋ ಅಲ್ಲವೋ ಅವನಿಗೂ ತಿಳಿಯದು, ನನಗೂ ತಿಳಿಯದು. ಇಬ್ಬರೂ ಒಂದು ಗಂಟೆ ಹುಡುಕಿದೆವು. ಓದಿದಷ್ಟೂ ಗೊಂದಲ ಹೆಚ್ಚಾಯಿತು. ಕೊನೆಗೆ ಅವನು ಅಂದ: "ನೋಡು, ಓದು, ಫೋಟೋ ತೆಗಿ. ಮುಟ್ಟಬೇಡ."

ಶನಿವಾರ ಬೆಳಿಗ್ಗೆ ಅಂಕಲ್ ಕಾರನ್ನು ನಾನೇ ಓಡಿಸಿದೆ. ಚೆಸ್ಟರ್ ಕಡೆ ಹೋಗುವ ರಸ್ತೆಯಲ್ಲಿ ಮುಕ್ಕಾಲು ಗಂಟೆ. ಅಂಗಡಿಯ ಒಂದು ಪಕ್ಕ ಮೀನಿನ ಗಾಳ, ಎರೆಹುಳುವಿನ ಡಬ್ಬಿ. ಇನ್ನೊಂದು ಪಕ್ಕದ ಗೋಡೆಯ ತುಂಬ ಬಂದೂಕು. ಅಂಗಡಿಯವನು ನಿಧಾನದ ಮನುಷ್ಯ. ನಾನು ಕೈ ಹಿಂದೆ ಕಟ್ಟಿ ನಿಂತದ್ದನ್ನು ನೋಡಿ ಕಾರಣ ಕೇಳಿದ. ಹೇಳಿದೆ. ತನಗೂ ಖಚಿತವಿಲ್ಲ, ಹಾಗೇ ನಿಂತಿದ್ದರೆ ಒಳ್ಳೆಯದು ಎಂದ.

ಮೂರು ಬಂದೂಕುಗಳನ್ನು ಮೇಜಿನ ಮೇಲೆ ಇಟ್ಟ. ಮೊದಲನೆಯದು ಜರ್ಮನ್ ಮಾದರಿಯದು. ನಾನು ಫೋನಿನ ಬೆಳಕು ಬಿಟ್ಟು ಓದಿದೆ. ಮೈ ಮೇಲಿನ ನಂಬರು, ಗುಂಡನ್ನು ಒಳಗೆ ತಳ್ಳುವ ಬೋಲ್ಟಿನ ನಂಬರು, ಮರದ ನಂಬರು ಎಲ್ಲ ಒಂದೇ. ಇದೇ ಒಳ್ಳೆಯದಲ್ಲವೇ ಎಂದುಕೊಂಡೆ. ಆದರೆ ಹಾಗೆ ಎಲ್ಲ ನಂಬರೂ ಕೂಡಿಬಂದದ್ದು ಅಪರೂಪ, ಕತ್ತರಿಸುವುದು ಪಾಪ, ಅದನ್ನು ಇದ್ದ ಹಾಗೇ ಇಟ್ಟುಕೊಳ್ಳಬೇಕು ಎಂದ ಅಂಗಡಿಯವನು. ಎರಡನೆಯದನ್ನು ಹಿಂದೆ ಯಾರೋ ಕತ್ತರಿಸಿ ಕೆಡಿಸಿದ್ದರು. ಮರ ಅಡ್ಡಾದಿಡ್ಡಿ, ಮೇಲೆ ದಪ್ಪ ವಾರ್ನಿಷ್. ಬೇಟೆ ಬಂದೂಕು ಮಾಡಲು ಅದೇ ಸರಿ, ಕಳೆದುಕೊಳ್ಳಲು ಏನೂ ಉಳಿದಿಲ್ಲ, ನಳಿಗೆಯ ಒಳಭಾಗ ಮಾತ್ರ ಚೆನ್ನಾಗಿದೆ ಎಂದ. ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಆರಿಸುವ ಈ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ.

ಮೂರನೆಯದು ತ್ರೀ ನಾಟ್ ತ್ರೀ. ಅಂಕಲ್ ಅದನ್ನು ಎತ್ತಿಕೊಂಡವರು ಕೆಳಗಿಡಲೇ ಇಲ್ಲ. ಭಾರತದಿಂದ ಬಂದದ್ದು ಎಂದು ಅಂಗಡಿಯವನು ಹೇಳಿದ್ದೇ ಸಾಕಾಯಿತು. "ನೋಡಮ್ಮ, ನಮ್ಮ ಕಡೇದು. ನಾನೂ ಇಲ್ಲಿ, ಇದೂ ಇಲ್ಲಿ," ಎಂದರು. ಮರದ ಬಣ್ಣವೂ ಚೆನ್ನಾಗಿತ್ತು, ಜೇನಿನ ಹಾಗೆ. ಬೋಲ್ಟು ಹೊಸದು, ಸಲೀಸಾಗಿ ಓಡುತ್ತಿತ್ತು.

ನನಗೂ ಏನೋ ಆಯಿತು. ಆ ಹಿಡಿಯ ತಗ್ಗು, ಹೆಗಲ ಪಟ್ಟಿ ಸಿಕ್ಕಿಸುವ ಕೊಂಡಿ, ಎಲ್ಲವೂ ಕೈಗೆ ಗೊತ್ತಿದ್ದದ್ದು. ಮುಟ್ಟದೆಯೇ ಭುಜದಲ್ಲಿ ಭಾರ ತಿಳಿಯಿತು. ಬೆಳಕು ಹಿಡಿದು ಬಗ್ಗಿ ನೋಡುತ್ತಿದ್ದಾಗ ಮರದ ಸುತ್ತ ಒಂದು ಬೆರಳಗಲ ಜಾಗ ಬೇರೆ ಬಣ್ಣದಲ್ಲಿ ಕಂಡಿತು. ಯಾರೋ ಏನನ್ನೋ ಕೆರೆದು ತೆಗೆದಿದ್ದರು. ಸಂದಿಯಲ್ಲಿ ಒಂದು ಎಳೆ ಬಿಳಿ ಬಣ್ಣ ಉಳಿದಿತ್ತು. ಪಕ್ಕದ ಕಬ್ಬಿಣದಲ್ಲಿ, ಪಾಲಿಶಿನ ಅಡಿಯಲ್ಲಿ, ಎರಡು ಇಂಗ್ಲಿಷ್ ಅಕ್ಷರ. ಒಂದು ಡಿ. ಇನ್ನೊಂದು ಪಿ ಇರಬೇಕು, ಅಥವಾ ಆರ್.

ನಮ್ಮ ಉಸ್ತಾದರು, ಎಂದರೆ ಕವಾಯತು ಕಲಿಸಲು ಬರುತ್ತಿದ್ದ ಹವಾಲ್ದಾರರು, ಮೊದಲ ದಿನವೇ ಬಂದೂಕಿನ ಮೇಲಿನ ಬಿಳಿ ಪಟ್ಟಿ ತೋರಿಸಿ ಹೇಳಿದ್ದರು: ಇದು ಬರೀ ಡ್ರಿಲ್ಲಿಗೆ, ಇದರಲ್ಲಿ ಗುಂಡು ಹಾಕಿದರೆ ನಿಮ್ಮ ಮುಖವೇ ಹೋಗುತ್ತದೆ. ಹಾಗೆಂದು ನನಗೆ ನೆನಪು. ಆದರೆ ಆ ಪಟ್ಟಿ ಬಿಳಿಯದೋ ಹಳದಿಯದೋ? ಡ್ರಿಲ್ ಪರ್ಪಸ್ ಎಂಬುದರ ಡಿ, ಪಿ, ಆ ಎರಡಕ್ಷರ ಅಲ್ಲಿ ಇತ್ತೇ, ಅಥವಾ ಈಗ ಕಂಡದ್ದನ್ನು ನಾನು ಹಿಂದಕ್ಕೆ ಅಂಟಿಸುತ್ತಿದ್ದೇನೆಯೇ? ಇಪ್ಪತ್ತು ವರ್ಷವಾಗಿತ್ತು. ಅಂಕಲ್ ಮುಖದಲ್ಲಿ ಅಷ್ಟು ಸಂತೋಷ.

"ಅಂಕಲ್, ಇದು ಬೇಡ ಅನ್ನಿಸುತ್ತೆ," ಎಂದೆ.

"ಯಾಕೆ?"

ಹೇಳಿದೆ. ಅವರು ಬಂದೂಕನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದರು. ಅವರಿಗೆ ಏನೂ ಕಾಣಲಿಲ್ಲ.

"ನಿಂಗೆ ಶೂರ್ ಇದೆಯೇನಮ್ಮ?"

"ಶೂರ್ ಇಲ್ಲ ಅಂಕಲ್. ಅದಕ್ಕೇ ಬೇಡ ಅಂತಿದ್ದೀನಿ."

ಅಂಗಡಿಯವನು ಭೂತಗನ್ನಡಿ ತಂದು ನೋಡಿದ. ತಾನು ಆ ಅಕ್ಷರಗಳನ್ನು ತಯಾರಿಕೆಯ ಗುರುತು ಎಂದುಕೊಂಡಿದ್ದಾಗಿ ಹೇಳಿ, ಬೇಕಾದರೆ ತಿಳಿದವರ ಹತ್ತಿರ ಪರೀಕ್ಷೆ ಮಾಡಿಸೋಣ ಎಂದ. ಅಂಕಲ್ ಅಂದು ಏನನ್ನೂ ಕೊಳ್ಳಲಿಲ್ಲ. ವಾಪಸು ಬರುವಾಗ ಮುದುಕರೊಬ್ಬರ ಆಸೆಗೆ ಕಲ್ಲು ಹಾಕಿದೆನೋ, ಅವರ ಕಣ್ಣು ಉಳಿಸಿದೆನೋ ಗೊತ್ತಾಗದೆ ನಾನು ಒಂದು ಎಕ್ಸಿಟ್ ತಪ್ಪಿಸಿಬಿಟ್ಟೆ.

ಮೂರು ವಾರ ಬಿಟ್ಟು ಮತ್ತೆ ಹೋದಾಗ ತ್ರೀ ನಾಟ್ ತ್ರೀ ಗೋಡೆಯಲ್ಲಿರಲಿಲ್ಲ. ಒಳಗೆ ಎತ್ತಿಟ್ಟಿದ್ದೇನೆ, ನೋಡಬೇಕಾದವರು ಇನ್ನೂ ಬಂದಿಲ್ಲ ಎಂದ ಅಂಗಡಿಯವನು. ನಾನು ಹೇಳಿದ್ದು ಸರಿಯೋ ತಪ್ಪೋ ಇಂದಿಗೂ ನನಗೆ ತಿಳಿದಿಲ್ಲ. ಅಂಕಲ್ ಆ ಕತ್ತರಿಸಿ ಕೆಡಿಸಿದ ಬಂದೂಕನ್ನೇ ತೆಗೆದುಕೊಂಡರು. ಕಾನೂನಿನಂತೆ ಅಂಗಡಿಯವನು ಅವರ ಹೆಸರು, ಹಿನ್ನೆಲೆ ಎಲ್ಲ ವಿಚಾರಿಸಿ ಮುಗಿಸುವವರೆಗೆ ನಾನು ಎರೆಹುಳುವಿನ ಡಬ್ಬಿಗಳನ್ನು ನೋಡುತ್ತ ನಿಂತೆ. ಹಿಂತಿರುಗುವಾಗ ಬಂದೂಕಿನ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ, ಅದರ ಪಕ್ಕದಲ್ಲಿ ಅಂಕಲ್, ಡ್ರೈವರ್ ಹಾಗೆ ಮುಂದೆ ನಾನೊಬ್ಬಳೇ. ನನಗೂ ಪೆಟ್ಟಿಗೆಗೂ ಸಂಬಂಧವಿಲ್ಲ ಎಂದು ತೋರಿಸಲು ಅದು ಅವರದೇ ಉಪಾಯ.

ಬೇಸಿಗೆಯೆಲ್ಲ ಅವರ ಗರಾಜಿನಿಂದ ಮರ ಉಜ್ಜುವ ಸದ್ದು ಬರುತ್ತಿತ್ತು. ಸಂಜೆ ವಾಕ್ ಹೋದಾಗ ನಾನು ಬಾಗಿಲ ಹೊರಗೆ ನಿಂತು ನೋಡುತ್ತಿದ್ದೆ. ಹಳೆಯ ವಾರ್ನಿಷ್ ಹೋಗಿ ಒಳಗಿನ ಅಕ್ರೋಟು ಮರ ಕಾಣಿಸತೊಡಗಿತು. ಕಬ್ಬಿಣ ಮರದೊಳಗೆ ಕೂರುವ ಜಾಗವನ್ನು ಅವರು ಬೆರಳ ತುದಿಯಿಂದಲೇ ಅಳೆಯುತ್ತಿದ್ದರು, ಕಣ್ಣು ಮುಚ್ಚಿಕೊಂಡು. ಆಂಟಿ ಕಾಫಿ ತಂದಿಟ್ಟು, ಏನೂ ಕಾಣದವರಂತೆ ಒಳಗೆ ಹೋಗುತ್ತಿದ್ದರು. ಬೋಲ್ಟಿನ ಕೆಲಸವನ್ನು ಮಾತ್ರ ಅಂಕಲ್ ತಿಳಿದವರೊಬ್ಬರಿಗೆ ಕೊಟ್ಟು ಪರೀಕ್ಷೆ ಮಾಡಿಸಿದರು.

ನವೆಂಬರಿನ ಒಂದು ಮಧ್ಯಾಹ್ನ ನಾನು ಮೀಟಿಂಗಿನಲ್ಲಿದ್ದಾಗ ಅವರ ಫೋನ್ ಬಂತು. ಹಳೆಯ ರೋಗಿಯ ಜೊತೆ ಕಾಡಿಗೆ ಹೋಗಿದ್ದರು.

"ಒಂದೇ ಗುಂಡು ಕಣಮ್ಮ. ಭುಜದ ಹಿಂದೆ. ಹತ್ತು ಹೆಜ್ಜೆ ಕೂಡ ಹೋಗಲಿಲ್ಲ ಜಿಂಕೆ. ಮೊದಲು ನಿಂಗೇ ಹೇಳಬೇಕು ಅನ್ನಿಸ್ತು."

ನಾನು ಹುಟ್ಟಿದ್ದು ಮೊಟ್ಟೆಯನ್ನೂ ತಿನ್ನದ ಮನೆಯಲ್ಲಿ. "ಕಂಗ್ರಾಜುಲೇಷನ್ಸ್ ಅಂಕಲ್" ಅಂದೆ. ಅವರು ಥ್ಯಾಂಕ್ಸ್ ಹೇಳಿದರು. ಆ ಕಡೆ ಅವರು ಏದುಸಿರು ಬಿಡುವುದು ಕೇಳಿಸುತ್ತಿತ್ತು. ಚಳಿ ಇದೆಯಾ ಎಂದು ಕೇಳಿದೆ. ಇದೆ ಎಂದರು. ವಾಪಸು ಬರುವಾಗ ಹೈವೇಯಲ್ಲಿ ನೀವು ಓಡಿಸಬೇಡಿ ಎಂದೆ.