ಇನ್ನು ನಾಲ್ಕೇ ಪ್ರಶ್ನೆ

ಯುದ್ಧ ಕಂಡು ಬಂದ ಸೈನಿಕರ ಮನಸ್ಸಿನಲ್ಲಿ ಉಳಿದುಹೋದ ಆಘಾತದ ಬಗ್ಗೆ ಒಂದು ಸಂಶೋಧನೆ ನಡೆಯುತ್ತಿತ್ತು. ಕನಕಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಾಜಿ ಸೈನಿಕರನ್ನು ಮಾತಾಡಿಸಿ ಪ್ರಶ್ನಾವಳಿ ತುಂಬಿಸುವುದು ನನ್ನ ಕೆಲಸ. ಓದು ಮುಗಿಸಿದ ಮೇಲೆ ಸಿಕ್ಕ ಮೊದಲ ನೌಕರಿ. ಸೇರಿದ ದಿನವೇ ನಮ್ಮ ಮೇಲ್ವಿಚಾರಕಿ ಹೇಳಿದ್ದರು: ಎದುರಿಗಿರುವವರಿಗೆ ಸಂಕಟವಾದರೆ ಅಲ್ಲಿಗೇ ನಿಲ್ಲಿಸಬೇಕು.

ಕೋಡಿಹಳ್ಳಿ ಕಡೆಯ ಒಂದೂರಿನಲ್ಲಿ ಐವತ್ತು ದಾಟಿದ ಒಬ್ಬರಿದ್ದರು. ಗಡಿಯಲ್ಲಿದ್ದಾಗ ಪಕ್ಕದಲ್ಲೇ ಶೆಲ್ ಬಿದ್ದು ಗೆಳೆಯ ಸತ್ತಿದ್ದ. ನಾನು ಹೋದಾಗ ಗಂಡ ಹೆಂಡತಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದರು. ಯಜಮಾನರು ಕೈ ತೊಳೆದು ಬಂದು ಜಗಲಿ ಮೇಲೆ ಕೂತು, "ಅದೇನ್ ಕೇಳ್ಬೇಕೋ ಕೇಳವ್ವ" ಎಂದರು.

ನಾನು ಓದಿದೆ: "ಆ ಘಟನೆಯ ನೆನಪುಗಳು ನಿಮ್ಮನ್ನು ಎಷ್ಟರ ಮಟ್ಟಿಗೆ ಬಾಧಿಸಿವೆ? ಸ್ವಲ್ಪವೂ ಇಲ್ಲ, ಅಲ್ಪ, ಸಾಧಾರಣ, ಅತಿಯಾಗಿ?"

ಅವರು ನಕ್ಕರು. "ಸೇರು ಪಾವಲ್ಲಿ ಅಳೆಯಾಕೆ ಅದೇನ್ ರಾಗಿಯೇನವ್ವ?"

ಆಮೇಲೆ ತಾವಾಗಿಯೇ ಹೇಳತೊಡಗಿದರು. ಗೆಳೆಯನ ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು ಇತ್ತಂತೆ. ಅಷ್ಟು ಹೇಳಿದ್ದೇ ಮೊಣಕಾಲು ನಡುಗತೊಡಗಿತು. ಎರಡೂ ಕೈಯಿಂದ ಅದುಮಿ ಹಿಡಿದರೂ ನಿಲ್ಲಲಿಲ್ಲ. "ಸಾಕು ಕಣವ್ವ, ಬುಟ್ಬುಡು."

ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಅರ್ಧ ತುಂಬಿದ ಫಾರಂ ಆಫೀಸಿನಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ, ಆ ವಾರ ನನ್ನ ಫಾರಂಗಳು ಆಗಲೇ ಕಡಿಮೆಯಾಗಿದ್ದವು. "ಇನ್ನು ನಾಲ್ಕೇ ಪ್ರಶ್ನೆ ಅಣ್ಣ" ಎಂದೆ.

ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ನಾಲ್ಕಕ್ಕೂ "ಇಲ್ಲ, ಇಲ್ಲ" ಎಂದರು. ಎದ್ದು ಹಿಪ್ಪುನೇರಳೆ ತೋಟದ ಕಡೆ ಹೋದವರು ತಿರುಗಿ ನೋಡಲಿಲ್ಲ. ಫಾರಂನ ಕೊನೆಯಲ್ಲಿ, ಸಂದರ್ಶನದ ವೇಳೆ ಸಂಕಟ ಕಂಡುಬಂತೇ ಎಂಬ ಸಾಲಿತ್ತು. 'ಇಲ್ಲ' ಎಂದು ಗುರುತು ಹಾಕಿ ಬಸ್ಸು ಹಿಡಿದೆ.

ಎಂಟು ದಿನದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಬೈಯಲಿಲ್ಲ. "ನೀನು ಬಂದೋದ್ ಮೇಲೆ ಇವ್ರು ಮನೆ ಒಳಗೆ ಮಲಗ್ತಾನೇ ಇಲ್ಲ ಕಣವ್ವ. ಊಟನೂ ಸೇರ್ತಿಲ್ಲ. ಅದೇನ್ ಕೇಳ್ದೆ ನೀನು?"

ಮಾರನೆಯ ದಿನ ಮೇಲ್ವಿಚಾರಕಿಗೆ ಎಲ್ಲ ಹೇಳಿದೆ, ಆ ಸುಳ್ಳು ಗುರುತನ್ನೂ. ಅವರು "ನಡಿ, ಹೋಗೋಣ" ಎಂದರು. ಒಬ್ಬ ಆಪ್ತಸಮಾಲೋಚಕರನ್ನೂ ಕರೆದುಕೊಂಡೆವು.

ನಾನು ಜಗಲಿ ಹತ್ತದೆ ಅಂಗಳದಲ್ಲೇ ನಿಂತು, "ತಪ್ಪಾಯ್ತಣ್ಣ" ಎಂದೆ. ಅವರಿಗೇ ಮುಜುಗರ.

"ಆ ನಾಕ್ಕೂ ಸುಳ್ಳೇ ಹೇಳ್ಬುಟ್ಟೆ ಕಣವ್ವ. ನೀನು ಗಳಿಗ್ಗೊಂದ್ಸಲ ಟೈಮ್ ನೋಡ್ತಿದ್ದೆ. ಬಸ್ ತಪ್ಪೋದ್ರೆ ಹೆಣ್ಮಗಳು ಎಲ್ಲೋಗ್ತಳೆ ಅಂತ."

ಅಷ್ಟು ನಡುಕದಲ್ಲೂ ಅವರು ನನ್ನ ಬಸ್ಸಿನ ಚಿಂತೆ ಮಾಡಿದ್ದರು. ಆ ನಡುಕ ಕಂಡೂ ನಾನು ಪೆನ್ನು ಕೆಳಗಿಟ್ಟಿರಲಿಲ್ಲ.

ಅವರ ಒಪ್ಪಿಗೆ ಕೇಳಿ ಆ ಫಾರಂ ತೆಗೆದುಹಾಕಿದೆವು. ಸಮಾಲೋಚಕರನ್ನು ಕಾಣಲು ಅವರು ಆಗಾಗ ಕನಕಪುರಕ್ಕೆ ಬರತೊಡಗಿದರು, ಹೆಂಡತಿಯೂ ಜೊತೆಗೆ. ಒಳಗೆ ಮಲಗುವ ಹಾಗಾಗಿದ್ದಾರೆ, ಆದರೆ ಬಾಗಿಲು ಹಾಕಿಸುವುದಿಲ್ಲ ಎಂದು ಆಕೆ ಒಮ್ಮೆ ಹೇಳಿದರು.

ಈಗ ಹೊಸದಾಗಿ ಸೇರುವವರಿಗೆ ನಾನೇ ಪಾಠ ಮಾಡುತ್ತೇನೆ. "ನಮ್ಮಲ್ಲೊಬ್ಬರು ಹೀಗೆ ಮಾಡಿದ್ದರು" ಎಂದು ಈ ಪ್ರಸಂಗವನ್ನೂ ಹೇಳುತ್ತೇನೆ. ಮೊನ್ನೆ ಒಬ್ಬಳು, "ಯಾರು ಮೇಡಂ ಅವರು?" ಎಂದು ಕೇಳಿದಳು.

"ಕೆಲಸ ಬಿಟ್ಟು ಹೋದರು" ಎಂದೆ.