ಕಣ್ಣು ಬಿಟ್ಟು ಧ್ಯಾನ ಮಾಡುವ ಹುಲಿಗೆಪ್ಪ

ಮಾನ್ವಿಯ ಆಚೆ, ಉಪಕಾಲುವೆಯ ಮೇಲೆ ಇನ್ನೂ ನಸುಕು. ನೀರು ಕಾಯುವ ಗ್ಯಾಂಗ್‌ಮನ್ ಹುಲಿಗೆಪ್ಪ ಕಟ್ಟೆಯ ಮೇಲೆ ಕುಳಿತಿದ್ದಾರೆ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತವರು ಮೇಲ್ಭಾಗದ ಗದ್ದೆಯ ರೈತ ದೊಡ್ಡಪ್ಪ. ಈ ವಾರದ ಸರದಿ ಕೊನೆಯ ಭಾಗದ ರೈತರದು. ಅಲ್ಲಿಗೆ ನೀರು ಮುಟ್ಟಬೇಕಾದರೆ ದೊಡ್ಡಪ್ಪನವರ ತೂಬು ಮುಚ್ಚಿರಬೇಕು. ಅವರಿಗೋ ಅದು ಈಗಲೇ ತೆರೆಯಬೇಕು.

"ತೂಬು ಎತ್ತತಿಯೋ, ಸಾಹೇಬ್ರಿಗೆ ಹೇಳಿ ನಿನ್ನ ಕೆಲಸ ತೆಗೆಸಲ್ಯೋ?"

ಹುಲಿಗೆಪ್ಪ ನೀರಾವರಿ ಇಲಾಖೆಯ ಗುತ್ತಿಗೆ ನೌಕರರು, ಸಾಹೇಬರು ತೆಗೆದರೆ ಕೇಳುವವರಿಲ್ಲ. ಆದರೂ ಅವರ ದನಿ ಏರದು. "ಕೂಡ್ರಿ ಯಪ್ಪಾ. ಕೂತು ಬೈರಿ."

ಈ ಸಮಾಧಾನ ಎಲ್ಲಿಂದ ಬಂತು ಎಂದು ಕೇಳಿದರೆ ಊರವರು ನಗುತ್ತಾರೆ. ಒಂದು ಕಾಲಕ್ಕೆ ಇವರಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಒಂದು ಮಾತಿಗೆ ಸಲಿಕೆ ಎತ್ತುವ ಆಸಾಮಿ. ದೇವದುರ್ಗದಲ್ಲಿರುವ ಅಕ್ಕ ಅಂಬಮ್ಮ ತಾಳಲಾರದೆ, ತಮ್ಮ ಓಣಿಯ ಬುದ್ಧ ವಿಹಾರಕ್ಕೆ ಮಳೆಗಾಲ ಕಳೆಯಲು ಬಂದಿದ್ದ ವಯಸ್ಸಾದ ಬೌದ್ಧ ಭಿಕ್ಷು, ಭಂತೇಜಿಯ ಮುಂದೆ ತಮ್ಮನನ್ನು ಕೂರಿಸಿದರು. ಭಂತೇಜಿ ಕಲಿಸಿದ್ದು ಇಷ್ಟೇ: ಕಣ್ಣು ಮುಚ್ಚು, ಉಸಿರು ಬರುವುದನ್ನೂ ಹೋಗುವುದನ್ನೂ ನೋಡು.

ಹುಲಿಗೆಪ್ಪ ಅದನ್ನು ಕಾಲುವೆಗೂ ತಂದರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಕತೆ ಎಲ್ಲರಿಗೂ ಗೊತ್ತು. ಇಲ್ಲಿ ಕಣ್ಣು ಮುಚ್ಚಿದವರು ಒಬ್ಬರು, ಹಾಲು ಕುಡಿದವರು ಇನ್ನೊಬ್ಬರು. ಕಟ್ಟೆಯ ಮೇಲೆ ಧ್ಯಾನ ನಡೆದಾಗಲೇ ಮೇಲಿನವರು ಸದ್ದಿಲ್ಲದೆ ತೂಬು ಎತ್ತಿಕೊಂಡರು, ಕೆಳಗೆ ಸಸಿಮಡಿ ಒಣಗಿತು.

"ಧ್ಯಾನ ಸಾಕ್ರಿ ಅಂತ ಹೇಳಾಕ ಹೋದೆ. ಭಂತೇಜಿ ಹೊಟ್ಟಿ ಹಿಡ್ಕೊಂಡು ನಕ್ಕರು. 'ಅಲ್ಲಿ ನೀರು ನೋಡೂದ ನಿನ್ನ ಧ್ಯಾನ, ಕಣ್ಣು ಬಿಟ್ಟು ನೋಡು' ಅಂದ್ರು."

ಅಂದಿನಿಂದ ನೋಡುತ್ತಲೇ ಇದ್ದಾರೆ. ಹರಿವು ತಗ್ಗಿದರೆ ಮೇಲೆಲ್ಲೋ ತೂಬು ಎತ್ತಿದ್ದಾರೆಂದು ತಿಳಿಯುತ್ತದೆ. ತಮ್ಮೊಳಗಿನದೂ ಹಾಗೆಯೇ ತಿಳಿಯುತ್ತದಂತೆ. "ಸಿಟ್ಟು ಹೋಗಿಲ್ರಿ. ಬರೂದು ಕಾಣತದ, ಅಷ್ಟ. ಕಂಡ ಮ್ಯಾಲ ಕೈ ಎತ್ತಾಕ ನಾಚಿಕಿ ಆಗತದ."

ದೊಡ್ಡಪ್ಪ ಕೊನೆಗೂ ಕೂರುತ್ತಾರೆ. ಮನಸಾರೆ ಬೈದು, ನೆಲ್ಲು ತೆನೆ ಕಟ್ಟುವ ಹೊತ್ತೆಂದು ಸಂಕಟ ತೋಡಿಕೊಳ್ಳುತ್ತಾರೆ.

"ಕೆಳಗ ಶಹಜಾದಿ ಬೇಗಂ ಅವರದೂ ತೆನಿ ಕಟ್ಟಾಕತ್ತದ ಯಪ್ಪಾ. ನಿಮ್ಮ ಸರದಿ ದಿನ ಅವರು ಬಂದು ಹಿಂಗ ನಿಂತರ, ನಿಮ್ಮ ತೂಬು ಮುಚ್ಚಿಬಿಡಲೇನು?"

ದೊಡ್ಡಪ್ಪ ಗೊಣಗುತ್ತಾ ಬೈಕು ಹತ್ತುತ್ತಾರೆ. ಸಾಹೇಬರಿಗೆ ಫೋನು ಹೋದರೂ ಹೋದೀತು. ಅದಕ್ಕೂ ಮೊದಲು ಹುಲಿಗೆಪ್ಪನವರ ಫೋನು ಬಡಿದುಕೊಳ್ಳುತ್ತದೆ. ಶಹಜಾದಿ ಬೇಗಂ. "ನೀರು ಬಂತಣ್ಣ. ಗದ್ದಿ ತುಂಬಾಕತ್ತದ."

ಭಂತೇಜಿ ರಾಯಚೂರಿನಲ್ಲಿ ತೀರಿಕೊಂಡು ವರ್ಷಗಳಾದವು. ಅವರ ಮಾತು ಬಂದರೆ ಹುಲಿಗೆಪ್ಪ ಕಟ್ಟೆಯ ಮೇಲೆ ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸುತ್ತಾರೆ.

"ಏನು ಕೊಟ್ರೂ ತಗೋತಿದ್ದಿಲ್ರಿ. ಒಮ್ಮಿ ಕರಕೊಂಡು ಬಂದು ಇಲ್ಲಿ ಕೂಡಿಸಬೇಕಿತ್ತು, ಆಗಲಿಲ್ಲ. ಬಡಿದಾಟ ಇಲ್ದಂಗ ನೀರು ಕೊನೀ ಹೊಲಕ್ಕ ಹೋಗೂದು ನೋಡತಿದ್ದರು. ಈಗ ಅವರ ಪಾಲಿಂದೂ ನಾನ ನೋಡಾಕತ್ತೀನಿ."