ಬೆಂಚಿನ ಬಾಗಿಲ ಕೌಕೊ

ಕೌಕೊ ತೀಲಿಕೈನೆನ್ ಹನ್ನೆರಡು ವರ್ಷ ಸಂಬಳ ಪಡೆದು ಐಸ್ ಹಾಕಿ ಆಡಿದವನು. ಆಡಿದವನು ಅಂದರೆ ನಮ್ಮ ರೌತಲಾಹ್ತಿ ಊರಿನ ಜನ ಈಗಲೂ ತುಟಿ ಕೊಂಕಿಸುತ್ತಾರೆ. ಅವನು ತಂಡದ ಎರಡನೆಯ ಗೋಲ್‌ಕೀಪರ್. ಮೊದಲನೆಯವನು ಎನ್ಸಿಯೊ ಪುಲ್ಕಿನೆನ್. ಜ್ವರ ಬಂದರೂ ಬೆರಳು ಮುರಿದರೂ ಗೋಲಿನ ಮುಂದಿನಿಂದ ಕದಲದ ಆಸಾಮಿ. ಅವನು ಎದ್ದು ನಿಲ್ಲಲಾರದಂಥ ಪೆಟ್ಟು ತಿಂದಾಗ, ಇಲ್ಲವೇ ತಂಡ ಆಗಲೇ ಆರು ಗೋಲಿನಿಂದ ಮುಳುಗಿದಾಗ ಮಾತ್ರ ಕೌಕೊನ ಸರದಿ. ತನ್ನೂರಿನ ಐಸ್ ಅಂಗಳದಲ್ಲಿ ಮೊದಲ ಸೀಟಿಯಿಂದ ಗೋಲು ಕಾಯುವ ಭಾಗ್ಯ ಅವನಿಗೆ ಒಂದು ದಿನವೂ ಬರಲಿಲ್ಲ.

ಹಾಗಾದರೆ ಹನ್ನೆರಡು ವರ್ಷ ಏನು ಮಾಡಿದ? ಬಾಗಿಲು ತೆಗೆದ. ಈ ಆಟದಲ್ಲಿ ಮುಕ್ಕಾಲು ನಿಮಿಷ ಓಡುವಷ್ಟರಲ್ಲಿ ಎಂಥ ಗಟ್ಟಿಗನಿಗೂ ಏದುಸಿರು ಬರುತ್ತದೆ. ಅವನು ಬೆಂಚಿಗೆ ಬರಬೇಕು, ಇನ್ನೊಬ್ಬ ಇಳಿಯಬೇಕು, ಆಟವಂತೂ ನಿಲ್ಲುವುದಿಲ್ಲ. ಮೈಯಲ್ಲಿ ಕಸುವಿದ್ದವರು ಅಂಗಳದ ಸುತ್ತಲಿನ ಮರದ ಗೋಡೆ ಹಾರುತ್ತಾರೆ, ದಣಿದವರು ಬೆಂಚಿನ ತುದಿಯ ಪುಟ್ಟ ಬಾಗಿಲಿಗೆ ಬರುತ್ತಾರೆ. ಆ ಬಾಗಿಲ ಚಿಲಕದ ಪಕ್ಕ ಕೂರುವುದು ಎರಡನೆಯ ಗೋಲ್‌ಕೀಪರನ ಪಾಲಿಗೆ ಬಂದ ಕೆಲಸ.

ಅವನಿಗೆ ಬಾಗಿಲು ಕೌಕೊ ಅಂತ ಹೆಸರು ಬಿತ್ತು. ಆಟ ಬಿಟ್ಟ ಮೇಲೆ ಊರ ಬಸ್ಸಿನ ಡ್ರೈವರ್ ಆದಾಗ, "ಬಾಗಿಲು ಬೇರೆ ಆಯ್ತು, ಕೆಲಸ ಅದೇ" ಅಂತ ಕಾಫಿ ಅಂಗಡಿಯ ಮುದುಕರು ನಕ್ಕರು. ಅವನೂ ನಕ್ಕ. ನಗದೆ ಇನ್ನೇನು ಮಾಡುವುದು? ಸಣ್ಣ ಊರು, ಮುನಿಸಿಕೊಂಡರೆ ಕಾಫಿಗೆ ಬೇರೆ ಅಂಗಡಿಯಿಲ್ಲ.

ಒಂದೇ ಒಂದು ಮಾತಿಗೆ ಮಾತ್ರ ಅವನಿಗೆ ನಗು ಬರಲಿಲ್ಲ. ಹೆಂಡತಿ ಹೆಲ್ವಿ ಕಾಗದದ ಗಿರಣಿಯಲ್ಲಿ ಸಂಜೆ ಪಾಳಿಯವಳು. ಅವನ ಆಟ ನೋಡಲು ಬಂದದ್ದು ಒಂದೇ ಸಲ, ಮದುವೆಯಾದ ಹೊಸದರಲ್ಲಿ. ಅಂದು ಮನೆಗೆ ಬಂದು ಕಾಫಿ ಬಗ್ಗಿಸುತ್ತಾ, "ನೀನು ಬಾಗಿಲು ಚೆನ್ನಾಗಿ ತೆಗೀತೀಯ" ಅಂದಳು. ಕೌಕೊ ಮೂರು ದಿನ ಮಾತು ಬಿಟ್ಟ. ಯಾಕೆ ಅಂತ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ನಮ್ಮ ಕಡೆಯವರು ಹಾಗೆಯೇ. ಆ ಮುಳ್ಳು ಮೂವತ್ತೆಂಟು ವರ್ಷ ಒಳಗೇ ಉಳಿಯಿತು.

ಈಗ ಅವನಿಗೆ ಅರವತ್ತಾರು. ಬಲ ಸೊಂಟದ ಕೀಲು ಲೋಹದ್ದು, ಎಡದ್ದಕ್ಕೆ ಆಸ್ಪತ್ರೆಯಲ್ಲಿ ದಿನ ಗೊತ್ತಾಗಿದೆ. ಬೆಳಿಗ್ಗೆ ಕಾಲುಚೀಲ ಹಾಕಿಕೊಳ್ಳುವುದರಲ್ಲೇ ಅರ್ಧ ಜೀವ ಹೋಗುತ್ತದೆ. ನೋವೂ ಸಾಕಾಗಿತ್ತು, ಜನರ ಜೊತೆ ಸೇರಿ ತನ್ನನ್ನೇ ನಗುವುದೂ ಸಾಕಾಗಿತ್ತು. ಅಂಥ ಹೊತ್ತಿನಲ್ಲಿ ತಂಡದ ಕಚೇರಿಯ ಸಿಸ್ಕೊ ಫೋನು ಮಾಡಿದಳು. ತಂಡಕ್ಕೆ ಅರವತ್ತು ತುಂಬಿತು, ಶನಿವಾರ ಮಧ್ಯಾಹ್ನ ಪಕ್ಕದೂರಿನ ಹಳಬರ ಮೇಲೆ ನಮ್ಮ ಹಳಬರದೊಂದು ಆಟ ಅಂದಳು.

"ಗೋಲಿಗೆ ಯಾರು?"

"ಎನ್ಸಿಯೊ. ಇನ್ಯಾರು? ನೀನು ಬೆಂಚಲ್ಲಿದ್ರೆ ಸಾಕು, ಜನ ಖುಷಿ ಪಡ್ತಾರೆ."

"ಮೊದಲ ಸೀಟಿಯಿಂದ ಕೊನೇ ಸೀಟಿವರೆಗೂ ನಾನು ನಿಲ್ತೀನಿ. ಇಲ್ಲಾಂದ್ರೆ ಬರಲ್ಲ."

"ಕೌಕೊ, ನೀನೇನಾ ಮಾತಾಡ್ತಿರೋದು?"

ಎನ್ಸಿಯೊ ಒಪ್ಪಿದ, ಅವನ ಮಂಡಿಗಳೂ ಹೇಳಿಕೊಳ್ಳುವಂತಿರಲಿಲ್ಲ. ಹೆಲ್ವಿ, "ಡಾಕ್ಟ್ರು ಬೇಡ ಅಂದಿಲ್ವಾ?" ಅಂತ ಕೇಳಿದಳು.

"ಅಂದಿದಾರೆ."

"ಸರಿ. ನಾನೂ ಬರ್ತೀನಿ."

ಅವನಿಗೆ ಬೇಕಾಗಿದ್ದದ್ದೂ ಅಷ್ಟೇ. ಸಾಯುವುದರೊಳಗೆ ಒಂದು ಸಲ ಅವಳು ತನ್ನನ್ನು ಗೋಲಿನ ಮುಂದೆ ನೋಡಬೇಕು.

ಶನಿವಾರ ಹೆಲ್ವಿ ಕಾಫಿ ಫ್ಲಾಸ್ಕು, ಏಲಕ್ಕಿ ಬನ್ನು ಹಿಡಿದು ಮೂರನೇ ಸಾಲಿನಲ್ಲಿ ಕೂತಳು. ಒಳಗೆ ಎನ್ಸಿಯೊ ಸ್ಕೇಟಿನ ದಾರ ಬಿಗಿಯುತ್ತಾ, "ಏ ಬಾಗಿಲು, ಇವತ್ತು ನಿನ್ನ ಜಾಗ ನಂದು. ಬಿಸಿ ಮಾಡಿಟ್ಟಿದೀಯ ತಾನೆ?" ಅಂದ.

"ಹನ್ನೆರಡು ವರ್ಷ ಬಿಸಿ ಮಾಡಿದೀನಿ. ಅಷ್ಟು ಬೇಗ ಆರಲ್ಲ ಬಿಡು."

ಸೀಟಿ ಊದಿದರು. ಕೌಕೊ ಮೊದಲ ಅವಧಿಯಲ್ಲಿ ಬಂದ ಹೊಡೆತಗಳನ್ನೆಲ್ಲ ತಡೆದ. ಒಂದನ್ನಂತೂ ಲೋಹದ ಸೊಂಟವನ್ನು ಮರೆತು ಬಿದ್ದು ತಡೆದ. ಚಪ್ಪಾಳೆ ಬಿತ್ತು, ಅವನ ಹೆಸರು ಕೂಗಿದರು, ಹಿಂದೆ ಮುಂದೆ ಬಾಗಿಲು ಸೇರಿಸದೆ ಬರೀ ಕೌಕೊ ಅಂತ.

ಎಡವಟ್ಟಾದದ್ದು ಬೆಂಚಿನಲ್ಲಿ. ಅರವತ್ತು ದಾಟಿದವರು ಗೋಡೆ ಹಾರುವುದುಂಟೇ? ಎಲ್ಲರಿಗೂ ಬಾಗಿಲೇ ಗತಿ. ಜನ್ಮದಲ್ಲಿ ಆ ಚಿಲಕ ಮುಟ್ಟದ ಎನ್ಸಿಯೊ ಆಟ ನೋಡುತ್ತಾ ಮೈಮರೆತು ಕೂತಿದ್ದ. ಡೊಳ್ಳುಹೊಟ್ಟೆಯ ರೈಮೊ ಓಡಿ ಬಂದು ಮುಚ್ಚಿದ ಬಾಗಿಲಿಗೆ ಗುದ್ದಿಕೊಂಡು, "ತೆಗಿಯೋ, ಸತ್ತೆ!" ಅಂತ ಕಿರುಚಿದ. ಎನ್ಸಿಯೊ ಗಾಬರಿಯಾಗಿ ಮುಂದಿನ ಸಲ ಮೊದಲೇ ತೆಗೆದ. ಗೋಡೆಯ ಅಂಚಿನಲ್ಲೇ ಬರುತ್ತಿದ್ದ ತಪಿಯೊನ ಭುಜ ತೆರೆದ ಬಾಗಿಲ ಚೌಕಟ್ಟಿಗೆ ಬಡಿಯಿತು. ತಪಿಯೊನನ್ನು ಹೊರಗೆ ಕೂರಿಸಿ ಭುಜಕ್ಕೆ ಐಸು ಕಟ್ಟಿದರು. ಇಡೀ ಆಟ ಅದೇ ಪಾಡು.

ನಮ್ಮವರು ಒಂದು ಗೋಲು ಮುಂದಿದ್ದರು, ಎರಡು ನಿಮಿಷ ಬಾಕಿ. ಎದುರಾಳಿಯೊಬ್ಬ ಆಟದ ರಬ್ಬರ್ ಬಿಲ್ಲೆ, ಪಕ್ಕು, ತಳ್ಳಿಕೊಂಡು ಬರುತ್ತಿದ್ದ. ಅದೇ ಹೊತ್ತಿಗೆ ಅತ್ತ ರೈಮೊನ ಎಡ ಭುಜ ದಣಿವಿಗೆ ಇಳಿಯಿತು. ಭುಜ ಇಳಿದರೆ ರೈಮೊ ಮೂರು ಹೆಜ್ಜೆಯಲ್ಲಿ ಬೆಂಚಿಗೆ ಬರುತ್ತಾನೆ. ಇದು ಅವನ ಹೆಂಡತಿಗೂ ಗೊತ್ತಿಲ್ಲ, ಕೌಕೊಗೆ ಗೊತ್ತು. ಬಾಗಿಲು ಮುಚ್ಚಿತ್ತು.

"ಈಗ! ತೆಗಿ!" ಅಂತ ಕೌಕೊ ಕೂಗಿದ. ಕಣ್ಣು ಬೆಂಚಿನ ಮೇಲಿತ್ತು, ಎಡಗೈ ತಾನಾಗಿ ಅಲ್ಲಿಲ್ಲದ ಚಿಲಕ ಎತ್ತಲು ಮೇಲೆ ಹೋಗಿತ್ತು. ಪಕ್ಕು ಆ ಕೈಯ ಕೆಳಗಿಂದ ಗೋಲಿಗೆ ಹೋಯಿತು.

ಒಂದೊಂದು ಗೋಲಿಗೆ ಸಮವಾಗಿ ಆಟ ಮುಗಿಯಿತು. ಎಲ್ಲರೂ ಕೈ ಕುಲುಕಿ ಹೊರಟರೂ ಎನ್ಸಿಯೊ ಚಿಲಕದ ಪಕ್ಕದಲ್ಲೇ ಕೂತಿದ್ದ. ಮುಖ ಸಣ್ಣಗಾಗಿತ್ತು.

"ಹನ್ನೆರಡು ವರ್ಷ ನೀನು ಇಲ್ಲಿ ಸುಮ್ನೆ ಕೂತಿದ್ದೆ ಅಂದ್ಕೊಂಡಿದ್ದೆ ಮಾರಾಯ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಅಂದ ಕೌಕೊ.

ಮನೆಗೆ ಹೋಗುವಾಗ ಹೆಲ್ವಿಯೇ ಕಾರು ಓಡಿಸಿದಳು. ಕಾರು ಸೇತುವೆ ದಾಟಿತು.

"ಒಂದು ಬಿಟ್ಟುಬಿಟ್ಟೆ," ಅಂದ ಅವನು.

"ನೋಡಿದೆ. ನಿನ್ನ ಕಣ್ಣು ಬಾಗಿಲ ಮೇಲಿತ್ತು. ಅವತ್ತೇ ಹೇಳಿದ್ದೆ, ಚೆನ್ನಾಗಿ ತೆಗೀತೀಯ ಅಂತ. ನೀನೇ ಮೂರು ದಿನ ಮುಖ ಊದಿಸ್ಕೊಂಡೆ."

ಕೌಕೊ ಅವಳ ಕಡೆ ತಿರುಗಿದ. "ಹಂಗಿಸ್ತಿದೀಯ ಅಂದ್ಕೊಂಡೆ."

"ಗಿರಣಿಯಲ್ಲಿ ಯಂತ್ರದ ಮುಂದೆ ನಿಂತೋಳು ನಾನು. ಯಾವ ಕೈ ಸರಿಯಾದ ಹೊತ್ತಿಗೆ ಮುಂದೆ ಹೋಗತ್ತೆ ಅಂತ ನಂಗೆ ಗೊತ್ತಾಗಲ್ವಾ? ಅವತ್ತು ಅಷ್ಟು ಜನ ಬಂದು ಹೋದ್ರು, ಒಬ್ಬನಿಗೂ ಬಾಗಿಲು ತಾಗಲಿಲ್ಲ. ಆಟ ಯಾರು ಗೆದ್ರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ನಾನು ನಿನ್ನ ಕೈನೇ ನೋಡ್ತಾ ಕೂತಿದ್ದೆ."

ಅವನು ಕಿಟಕಿಯ ಕಡೆ ಮುಖ ಮಾಡಿದ. ಸೊಂಟ ಉರಿಯುತ್ತಿತ್ತು. ಅಳು ಬರುತ್ತಿತ್ತು, ಅದು ಸೊಂಟಕ್ಕಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಮನೆ ಮುಂದೆ ಕಾರು ನಿಂತಾಗ ಅವನು ಕೂತಲ್ಲಿಂದ ಏಳಲಾರದೆ ಹೋದ. ಹೆಲ್ವಿ ಸುತ್ತಿ ಬಂದು, ಅವನು ಕಾಲು ಹೊರಗಿಡಲು ಅಣಿಯಾಗುವವರೆಗೂ ಕಾದು, ಆಮೇಲೆ ಬಾಗಿಲು ತೆಗೆದಳು.